ಅಡ್ವಾನ್ಸ್ ಕಳೆದು ಉಳಿದದ್ದು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಸಣ್ಣ ಘಟಕದ ಮಾಲೀಕನಿಗೆ ಬಟ್ಟೆಯ ಲೆಕ್ಕ ಬಾಯಿಪಾಠ. ಒಂದು ತಾನಿನಲ್ಲಿ ಎಷ್ಟು ಪ್ಯಾಂಟು ಬೀಳುತ್ತವೆ, ಯಾವ ವ್ಯಾಪಾರಿ ದುಡ್ಡು ಕೊಡಲು ಸತಾಯಿಸುತ್ತಾನೆ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾನು. ಬಟವಾಡೆಯ ದಿನ ಮಾತ್ರ ಅದೇ ಮನುಷ್ಯ ಕ್ಯಾಲ್ಕುಲೇಟರನ್ನೇ ಅನುಮಾನಿಸುತ್ತ ಮೂರು ಸಲ ಕೂಡುತ್ತಾನೆ. ಮೂರು ಸಲವೂ ಬೇರೆ ಬೇರೆ ಮೊತ್ತ ಬರುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲೂ ಕುರುಗೋಡಿನ ಗೊಬ್ಬರದಂಗಡಿಯಲ್ಲೂ ಇದೇ ಪಾಡು. ಕಾರಣ ಕೇಳಿದರೆ ಎಲ್ಲರ ಬೆರಳೂ ಸರ್ಕಾರದ ಕಡೆ ತಿರುಗುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಸಂಬಳದ ಲೆಕ್ಕ ಕೆಡಿಸುವ ನಿಜವಾದ ಅಪರಾಧಿ ಅಡ್ವಾನ್ಸು. ಅದನ್ನು ಸಂಬಳದ ಪುಸ್ತಕದಿಂದ ಎಬ್ಬಿಸಿ ಬೇರೆ ಪುಸ್ತಕದಲ್ಲಿ ಕೂರಿಸುವ ತನಕ ಬಟವಾಡೆಯ ತಲೆನೋವು ತಪ್ಪುವುದಿಲ್ಲ.

ಕಾನೂನಿನ ಲೆಕ್ಕ ಎಷ್ಟೇ ಬೇಸರದ್ದಾದರೂ ಅದಕ್ಕೊಂದು ನಿಯತ್ತಿದೆ. ಕಾರ್ಖಾನೆಯಲ್ಲಿ ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. (ಕೆಲವು ಹಾಜರಿ ಪುಸ್ತಕಗಳಲ್ಲಿ ಹತ್ತೊಂಬತ್ತನೆಯ ಹೆಸರಿನ ನಂತರ ಜನಸಂಖ್ಯೆ ದಿಢೀರನೆ ನಿಂತುಬಿಡುವುದು ಈ ಕಾರಣಕ್ಕೇ ಇರಬೇಕು.) 15,600 ರೂಪಾಯಿ ಸಂಬಳವೆಂದರೆ ಇಎಸ್‌ಐಗೆ ಕೆಲಸಗಾರನ ಪಾಲು ಶೇ 0.75, ಅಂದರೆ 117 ರೂಪಾಯಿ. ಮಾಲೀಕನದು ಶೇ 3.25, ಅಂದರೆ 507. ತಿಂಗಳು ಬದಲಾದರೂ ಈ ದರ ಬದಲಾಗದು. ವೃತ್ತಿ ತೆರಿಗೆಯೊಂದೇ ಸ್ವಲ್ಪ ಕಿಲಾಡಿ: 25,000 ಅಥವಾ ಹೆಚ್ಚು ಪಡೆಯುವವರಿಂದ ಹನ್ನೊಂದು ತಿಂಗಳು ಇನ್ನೂರು ಹಿಡಿದು, ಫೆಬ್ರವರಿಯಲ್ಲಿ ಮುನ್ನೂರು ಹಿಡಿಯುತ್ತದೆ. ಸಂವಿಧಾನ ಹಾಕಿದ ವರ್ಷಕ್ಕೆ 2,500ರ ಮಿತಿಯನ್ನು ಒಂದು ರೂಪಾಯಿಯೂ ಬಿಡದೆ ಮುಟ್ಟುವ ಉಪಾಯ ಇದು. ಇಪ್ಪತ್ತೆಂಟೇ ದಿನದ ತಿಂಗಳಿಗೇ ಈ ಭಾರ ಹೊರಿಸಿದವರ ಹಾಸ್ಯಪ್ರಜ್ಞೆಗೆ ಕೈಮುಗಿಯಬೇಕು. ಆದರೂ ಇದೆಲ್ಲ ಒಮ್ಮೆ ಕಲಿತರೆ ಮುಗಿಯಿತು.

ಮುಗಿಯದ್ದು ಇನ್ನೊಂದಿದೆ. ತಿಂಗಳ ಸಂಬಳವನ್ನು ದಿನದ ಲೆಕ್ಕಕ್ಕೆ ಇಳಿಸುವಾಗ ಮೂವತ್ತರಿಂದ ಭಾಗಿಸಬೇಕೋ ಇಪ್ಪತ್ತಾರರಿಂದಲೋ? ಅದೇ 15,600 ಮೂವತ್ತರಿಂದ ಭಾಗಿಸಿದರೆ 520, ಇಪ್ಪತ್ತಾರರಿಂದ 600. ಗೈರುಹಾಜರಿ ಕಡಿಯುವಾಗ ಮಾಲೀಕನಿಗೆ ಇಪ್ಪತ್ತಾರು ಸರಿಯೆನ್ನಿಸುತ್ತದೆ, ಹೆಚ್ಚುವರಿ ಕೆಲಸಕ್ಕೆ ಕೊಡುವಾಗ ಮೂವತ್ತು. ಕೆಲಸಗಾರನ ಗಣಿತ ಇದಕ್ಕೆ ತದ್ವಿರುದ್ಧ. ಈ ಎಂಬತ್ತು ರೂಪಾಯಿಯ ಜಗಳವಾದರೂ ಒಂದು ಸಲ ಕೂತು ಮಾತಾಡಿದರೆ ಬಗೆಹರಿಯುತ್ತದೆ, ಅಡ್ವಾನ್ಸಿನದು ಹಾಗಲ್ಲ. ಅದು ಹಬ್ಬ, ಜ್ವರ, ಶಾಲೆ ಫೀಜಿನ ಜೊತೆಗೇ ಬರುತ್ತದೆ. ದೊಡ್ಡಬಸವೇಶ್ವರನ ಜಾತ್ರೆಯ ಮುಂದೆ, ಮೊಹರಂ ಮುಂದೆ, “ಅಣ್ಣಾ, ಒಂದೈನೂರು ಬೇಕಾಗೈತಿ” ಎಂದು ಒಬ್ಬ ಬಂದು ನಿಲ್ಲುತ್ತಾನೆ. ಮಾಲೀಕ ಫೋನಿನಲ್ಲಿ ಮಾತಾಡುತ್ತಲೇ ಕಿಸೆಯಿಂದ ತೆಗೆದು ಕೊಡುತ್ತಾನೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ, ಎರಡು ‘ಹಾ’ಗಳ ನಡುವಿನ ಸಂದಿಯಲ್ಲಿ, ಸೀಸದ ಕಡ್ಡಿಯಲ್ಲಿ ‘500’ ಮೂಡುತ್ತದೆ. ತಾರೀಕಿಲ್ಲ, ಸಹಿಯಿಲ್ಲ. ಅದು ಕೊಟ್ಟದ್ದೋ, ಕೊಡಬೇಕಾದದ್ದೋ, ಅವನು ಹೊಲಿದ ಜೇಬುಗಳ ಸಂಖ್ಯೆಯೋ ಎಂಬುದು ಹದಿನೈದು ದಿನದ ನಂತರ ಬರೆದವನಿಗೇ ಗೊತ್ತಾಗುವುದಿಲ್ಲ. ಪೀಸ್ ಲೆಕ್ಕದ ಘಟಕದಲ್ಲಂತೂ ಜಿಪ್ಪಿಗೊಂದು ದರ, ಸೊಂಟಪಟ್ಟಿಗೊಂದು ದರ. ಅದರ ಮೇಲೆ ಈ ಅನಾಥ ಐನೂರೂ ಕೂತರೆ ಕೂಡುವುದು ಯಾವುದು, ಕಳೆಯುವುದು ಯಾವುದು?

ಹತ್ತು ಜನರ ಅಂಗಡಿಗೆ ಎರಡೆರಡು ಪುಸ್ತಕ ಯಾಕೆ, ನಂಬಿಕೆ ಇಲ್ಲವೇ ಎನ್ನುವವರಿದ್ದಾರೆ. ನಂಬಿಕೆ ಇದೆ, ನೆನಪು ಇಲ್ಲ. ಇಬ್ಬರೂ ಪ್ರಾಮಾಣಿಕರಾಗಿದ್ದೂ ಒಬ್ಬ ಎರಡು ಸಾವಿರ, ಇನ್ನೊಬ್ಬ ಒಂದೂವರೆ ಸಾವಿರ ಎಂದು ಆಣೆ ಮಾಡಬಲ್ಲರು. ಕಂಪ್ಯೂಟರ್ ಹಾಕಿದರೆ ಆಯಿತಲ್ಲ ಎನ್ನುವವರಿಗೆ ಇಷ್ಟೇ ಹೇಳಬಹುದು: ಕಿಸೆಯಿಂದ ಹೋದ ದುಡ್ಡು ಯಾವ ಕಂಪ್ಯೂಟರಿಗೂ ಕಾಣುವುದಿಲ್ಲ. ಮೂರನೆಯ ಆಕ್ಷೇಪ ತುಸು ಗಟ್ಟಿ, ಅದನ್ನು ಜೋರಾಗಿ ಹೇಳುವವರೂ ಕಡಿಮೆ. ಅಡ್ವಾನ್ಸ್ ಬಾಕಿ ಇದ್ದರೇನೇ ಆಳು ನಿಲ್ಲುತ್ತಾನೆ. ಇಲ್ಲದಿದ್ದರೆ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋದವನು ತಿರುಗಿ ನೋಡುವುದಿಲ್ಲ. ಮಾಲೀಕನ ಭಯ ಸುಳ್ಳಲ್ಲ. ಆದರೆ ಸಾಲ ತೋರಿಸಿ ಮನುಷ್ಯನನ್ನು ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಪರಾಧವೆಂದೇ ಕರೆದಿದೆ. 2019ರ ವೇತನ ಸಂಹಿತೆಯ ಪ್ರಕಾರ ಎಲ್ಲ ಕಡಿತ ಸೇರಿದರೂ ಸಂಬಳದ ಅರ್ಧ ಮೀರುವಂತಿಲ್ಲ. ವಾರದ ಬಟವಾಡೆಯನ್ನು ರಜೆಗೆ ಮುಂಚಿನ ಕೆಲಸದ ದಿನವೇ ಮಾಡಬೇಕು. ಕೆಲಸ ಬಿಟ್ಟವನ ಲೆಕ್ಕ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ಸೀಸದ ಕಡ್ಡಿಯ ಪುಸ್ತಕ ಇಟ್ಟುಕೊಂಡವನಿಗೆ ಎರಡು ದಿನ ಅಳಿಸುವುದಕ್ಕೇ ಸಾಲದು. ಅಲ್ಲದೆ ಬಾಕಿಯ ಭಯಕ್ಕೆ ನಿಂತವನು ಹೊಲಿದ ಪ್ಯಾಂಟಿನ ಹೊಲಿಗೆಯೂ ಹಾಗೇ ಇರುತ್ತದೆ.

ಅಡ್ವಾನ್ಸೇ ಕೊಡಬೇಡಿ ಎಂದು ಹೇಳುವಷ್ಟು ಕಲ್ಲುಮನಸ್ಸು ನನಗಿಲ್ಲ. ಬ್ಯಾಂಕಿನವರು ಮೊಹರಂಗೆ ಐನೂರು ಸಾಲ ಕೊಡುವುದಿಲ್ಲ. ಕೊಡಿ, ಆದರೆ ಬೇರೆ ಪುಸ್ತಕದಲ್ಲಿ ಪೆನ್ನಿನಿಂದ ಬರೆಯಿರಿ. ತಾರೀಕು, ಮೊತ್ತ, ತಿಂಗಳಿಗೆ ಎಷ್ಟು ಹಿಡಿಯುವುದು, ಪಕ್ಕದಲ್ಲಿ ಪಡೆದವನ ಸಹಿ; ಅದರದೇ ಒಂದು ಚೀಟಿ ಅವನ ಕೈಗೂ. ಸೀಸದ ಕಡ್ಡಿಯನ್ನು ಇವತ್ತೇ ಮನೆಯ ಮಕ್ಕಳಿಗೆ ಕೊಟ್ಟುಬಿಡಿ.