ತುಂಬೀತು, ಹತ್ತೀತು, ತೆರೆದೀತು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ 1992ರ ಈಜುಕೊಳ ಕಾಯ್ದೆಯ ಪ್ರಕಾರ, ಮುಖ್ಯವಾಗಿ ಈಜಲು ಅಥವಾ ನೀರಾಟವಾಡಲು ಬಳಸುವ ಯಾವುದೇ ಹೊಂಡ, ಕಟ್ಟಡ ಅಥವಾ ಪಾತ್ರೆಯಲ್ಲಿ 300 ಮಿಲಿಮೀಟರಿಗಿಂತ, ಅಂದರೆ ಶಾಲಾ ಹುಡುಗರ ಅಡಿಪಟ್ಟಿಯ ಉದ್ದಕ್ಕಿಂತ, ಹೆಚ್ಚು ನೀರು ನಿಲ್ಲಲು ಸಾಧ್ಯವಿದ್ದರೆ ಅದು ಈಜುಕೊಳವೇ ಸರಿ. ಇಲ್ಲಿ ಗಮನಿಸಬೇಕಾದದ್ದು ‘ಸಾಧ್ಯವಿದ್ದರೆ’ ಎಂಬ ಮಾತು. ನೀರು ತುಂಬಿರಬೇಕೆಂದೇನೂ ಇಲ್ಲ, ತುಂಬಬಹುದಾದರೆ ಸಾಕು. ಅಂಗಡಿಯಿಂದ ತಂದು ಊದಿ ನಿಲ್ಲಿಸಿದ ಪ್ಲಾಸ್ಟಿಕ್ ತೊಟ್ಟಿ ಆ ಅಳತೆಯನ್ನು ಮೀರಿದರೆ, ಅದರ ಮೇಲೆ ಬಾತುಕೋಳಿಯ ಚಿತ್ರವಿದ್ದರೂ ಕಾನೂನಿನ ಕಣ್ಣಿಗೆ ಅದು ಬೇಲಿ ಬೇಡುವ ಜಲಾಶಯ. ಕನ್ನಡ ವ್ಯಾಕರಣದಲ್ಲಿ ಇಂಥ ಮನೋಭಾವಕ್ಕೆ ಸಂಭಾವನಾರ್ಥಕವೆಂಬ ಪ್ರತ್ಯೇಕ ಕ್ರಿಯಾರೂಪವೇ ಇದ್ದು, ಕಾಯ್ದೆಯ ಉದ್ದಕ್ಕೂ ಅದೊಂದೇ ಧ್ವನಿ ಕೇಳುತ್ತದೆ: ನೀರು ತುಂಬೀತು, ಮಗು ಹತ್ತೀತು, ಬಾಗಿಲು ತೆರೆದೀತು.

ಇದೇ ವ್ಯಾಖ್ಯೆಯೊಳಗೆ ಬಿಸಿನೀರಿನ ತೊಟ್ಟಿಯೂ ಸೇರಿದೆ. ಹಾಟ್ ಟಬ್ ಅಥವಾ ಸ್ಪಾ ಎಂದು ಕರೆಯಲಾಗುವ ಈ ವಸ್ತುವನ್ನು ಬಚ್ಚಲುಮನೆಯ ಸಂಸ್ಕಾರವುಳ್ಳವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಮೊಗೆದು ಸುರಿದುಕೊಳ್ಳುವ ಬದಲು, ನಾಲ್ಕಾರು ಜನ ಹಂಡೆಯೊಳಗೇ ಇಳಿದು, ಸೀಗೆಕಾಯಿಯ ಪ್ರಸ್ತಾಪವೇ ಇಲ್ಲದೆ, ಹರಟುತ್ತಾ ಕುಳಿತುಕೊಳ್ಳುವ ವ್ಯವಸ್ಥೆಯೆಂದರೆ ಅರ್ಥವಾದೀತು. ಬಳಸದ ವೇಳೆಯಲ್ಲಿ ಮಗುವಿಗೆ ತೆರೆಯಲಾಗದ ಮುಚ್ಚಳ ಹಾಕಿ ಬೀಗ ಜಡಿದಿಟ್ಟರೆ ಈ ಹಂಡೆಗೆ ಬೇಲಿಯಿಂದ ವಿನಾಯಿತಿ ದೊರೆಯುತ್ತದೆ.

ಬೇಲಿಯ ಪ್ರಕರಣವೇ ಈ ಶಾಸ್ತ್ರದ ಹೃದಯ. ಅದು ಕನಿಷ್ಠ 1.2 ಮೀಟರ್ ಎತ್ತರವಿರಬೇಕು; ಬುಡದಲ್ಲಾಗಲಿ ಸರಳುಗಳ ನಡುವೆಯಾಗಲಿ 100 ಮಿಲಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು. ಬಾಗಿಲು ಕೊಳದಿಂದ ಹೊರಮುಖವಾಗಿ ತೆರೆದು, ಬಿಟ್ಟೊಡನೆ ತಾನಾಗಿ ಮುಚ್ಚಿ, ತಾನಾಗಿ ಅಗುಳಿ ಹಾಕಿಕೊಳ್ಳಬೇಕು. ಹೊರಗೆ ನಿಂತ ಮಗು ಬಲವಾಗಿ ತಳ್ಳಿದಷ್ಟೂ ಬಾಗಿಲು ಇನ್ನಷ್ಟು ಭದ್ರವಾಗುವುದೆಂಬುದು ಇದರ ಹಿಂದಿನ ಜಾಣತನ. ಈ ಅಳತೆಗಳೆಲ್ಲ ಐದು ವರ್ಷದೊಳಗಿನ ಮಗುವಿನ ದೇಹವನ್ನೂ ಬುದ್ಧಿಯನ್ನೂ ಎದುರಿಗಿಟ್ಟುಕೊಂಡು ರೂಪಿಸಿದವು. ಚಾಪೆಯ ಕೆಳಗೆ ತೂರಿದವನಿಗೆ ರಂಗೋಲಿಯ ಕೆಳಗೆ ತೂರುವವನು ಉತ್ತರವೆಂಬ ಗಾದೆಯನ್ನು ಶಾಸನಕರ್ತರು ಕೇಳಿರಲಾರರಾದರೂ, ಅವರ ಎದುರಾಳಿ ಎರಡನೆಯ ವರ್ಗದವನೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಹಾಸ್ಯ ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ: ಮುಳುಗುವ ಮಗು ಕೂಗುವುದಿಲ್ಲ, ದೊಡ್ಡವರು ಫೋನಿಗೆ ಓಗೊಟ್ಟು ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಬೇಲಿ ಗಟ್ಟಿಯಾಗಿದ್ದರೂ ಸಾಲದು, ಅದರ ನೆರೆಹೊರೆಯೂ ಸಭ್ಯವಾಗಿರಬೇಕು. ಬೇಲಿಯ ಸುತ್ತ 900 ಮಿಲಿಮೀಟರಿನಷ್ಟು ‘ಹತ್ತಲಾಗದ ವಲಯ’ವಿದ್ದು, ಅದರೊಳಗೆ ಕುರ್ಚಿ, ಒಲೆ, ಮರದ ಕೊಂಬೆ, ಹೂವಿನ ಕುಂಡ ಯಾವುದೂ ಇರಕೂಡದು. ಸಿಡ್ನಿಯ ಕನ್ನಡ ಮನೆಯೊಂದು ಬಿಸಿಲು ಚೆನ್ನಾಗಿ ಬೀಳುವ ಮೂಲೆಯೆಂದು ತುಳಸಿ ಕುಂಡವನ್ನು ಬೇಲಿಗೆ ತಾಗಿಸಿಟ್ಟರೆ, ಪರಿವೀಕ್ಷಕರ ದೃಷ್ಟಿಯಲ್ಲಿ ಅದು ಕೇವಲ ಒಂದು ಮೆಟ್ಟಿಲು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕನ್ನಡಿಗರು ಬಲ್ಲರು. ತುಳಸಿಯೇ ಎದ್ದು ಬೇಲಿ ಹಾರಿಸುವ ಆರೋಪ ಮಾತ್ರ ಹೊಸದು.

ಕೊಳದ ಪಕ್ಕದಲ್ಲಿ, ಉಸಿರು ನಿಂತವರ ಎದೆಯೊತ್ತಿ ಉಸಿರೂಡುವ ಪ್ರಥಮ ಚಿಕಿತ್ಸೆಯ ಕ್ರಮವನ್ನು ತಿಳಿಸುವ ಫಲಕವಿರಬೇಕು, ಮತ್ತು ಅದನ್ನು 3 ಮೀಟರ್ ದೂರದಿಂದ ಓದಲು ಆಗಬೇಕು. ಸದಾ ಕಣ್ಣೆದುರಿಗಿರುವುದರಿಂದಲೋ ಏನೋ, ಮನೆಯವರು ಅದನ್ನು ಗೋಡೆಯ ಕ್ಯಾಲೆಂಡರಿನಷ್ಟೂ ಓದಿರುವುದಿಲ್ಲ.

2013ರಿಂದ ಈಚೆಗೆ ಕೊಳವನ್ನು ಮಾಲೀಕರೇ ನೋಂದಾಯಿಸಬೇಕೆಂಬ ನಿಯಮವೂ ಸೇರಿಕೊಂಡಿದೆ. ಮಾಲೀಕರ ಸತ್ಯನಿಷ್ಠೆಯನ್ನು ಎಷ್ಟು ನಂಬಬಹುದೆಂಬುದಕ್ಕೆ ಗ್ರೀಸ್ ದೇಶ ಒಳ್ಳೆಯ ಉದಾಹರಣೆ: ಅಥೆನ್ಸಿನ ಉತ್ತರದ ಸಿರಿವಂತ ಬಡಾವಣೆಗಳಲ್ಲಿ 324 ಕೊಳಗಳಿವೆಯೆಂದು ತೆರಿಗೆದಾರರು ಒಪ್ಪಿಕೊಂಡಿದ್ದರೆ, 2010ರ ಸುಮಾರಿಗೆ ಉಪಗ್ರಹದ ಚಿತ್ರಗಳನ್ನು ನೋಡಿದವರು ಎಣಿಸಿದ್ದು 16,974. ಬೆಂಗಳೂರಿನ ಚಿಂತೆ ಬೇರೆ ಜಾತಿಯದು. 2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದಾಗ, ಕಾಯಬೇಕಾದದ್ದು ನೀರಿನಿಂದ ಈಜುಗಾರನನ್ನಲ್ಲ, ಈಜುಗಾರನಿಂದ ನೀರನ್ನು ಎಂಬಂತಾಯಿತು.

ಸಿಡ್ನಿಯಲ್ಲಿ ಕೊಳವಿರುವ ಮನೆಯನ್ನು ಬಾಡಿಗೆಗೆ ಕೊಡಲು ಅನುಸರಣಾ ಪ್ರಮಾಣಪತ್ರ ಬೇಕು; ಮಾರುವವರು ಮಾತ್ರ ‘ಅನುಸರಿಸಿಲ್ಲ’ ಎಂಬ ಪತ್ರವನ್ನೇ ಲಗತ್ತಿಸಿ ದೋಷವನ್ನೂ ಮನೆಯೊಂದಿಗೆ ಕ್ರಯ ಮಾಡಬಹುದು, ಅದನ್ನು ಸರಿಪಡಿಸಲು ಕೊಂಡವರಿಗೆ 90 ದಿನಗಳ ಗಡುವು. ಪ್ರಮಾಣಪತ್ರದ ಆಯುಷ್ಯ ಮೂರು ವರ್ಷ. ಪರಿಶೀಲನೆಯ ಹಿಂದಿನ ಸಂಜೆ ಕುರ್ಚಿಗಳೂ ಕುಂಡಗಳೂ ಅಂಗಳದ ನಡುವೆ ಬಂದು ವಿಧೇಯವಾಗಿ ನಿಲ್ಲುತ್ತವೆ, ಅಧಿಕಾರಿ ಬಂದಾನು ಎಂದು. ಮರುದಿನ ಅವು ಒಂದೊಂದಾಗಿ ಬೇಲಿಯತ್ತ ಸರಿಯತೊಡಗುತ್ತವೆ, ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆಂದು.