ರಸೀದಿ ಕೇಳುವ ರಾಯರು

ಮಧ್ಯಾಹ್ನ ಹನ್ನೆರಡಕ್ಕೆ ಬೆಂಗಳೂರಿನ ಯಾವ ಪ್ರೀಸ್ಕೂಲಿನ ಗೇಟಿನ ಮುಂದೆ ನಿಂತರೂ ನೋಟ್‌ಬುಕ್ ರಾಯರು ಸಿಗುತ್ತಾರೆ. ಕೊರಳಲ್ಲಿ ಆಫೀಸಿನ ಐಡಿ ಕಾರ್ಡು, ಕಿವಿಯಲ್ಲಿ ಮೀಟಿಂಗು. ಮೂರೂವರೆ ವರ್ಷದ ಮಗಳು ಮೊಣಕೈವರೆಗೆ ಬಣ್ಣ ಬಳಿದುಕೊಂಡು, ಜಡೆಯಲ್ಲಿ ನಾಲ್ಕು ಕಾಳು ರಾಗಿ ಸಿಕ್ಕಿಸಿಕೊಂಡು ಓಡಿಬಂದರೆ ಅವರ ಕೈ ಹೋಗುವುದು ಬ್ಯಾಗಿನ ಜಿಪ್ಪಿಗೆ. ಪುಸ್ತಕ ಖಾಲಿ. “ಏನ್ ಮಿಸ್, ಇವತ್ತೂ ಏನೂ ಬರೆಸಿಲ್ವಾ?” ರಾಗಿಯನ್ನು ಲೋಟದಿಂದ ಲೋಟಕ್ಕೆ ಸುರಿದದ್ದು, ಜೇಡಿಮಣ್ಣು ಕಲಸಿದ್ದು, ಡಾಕ್ಟರಮ್ಮನಾಗಿ ಗೊಂಬೆಗೆ ಸೂಜಿ ಚುಚ್ಚಿದ್ದು ಯಾವುದೂ ಅವರ ಲೆಕ್ಕದಲ್ಲಿ ಜಮಾ ಆಗುವುದಿಲ್ಲ. ಕಟ್ಟಿದ ಫೀಸಿಗೆ ರಸೀದಿ ಬೇಕು. ಅದು ನಾಲ್ಕು ಗೆರೆಯ ಪುಸ್ತಕದಲ್ಲೇ ಇರಬೇಕು.

ಹಾಗೆಂದು ರಾಯರು ಆಟದ ವೈರಿಯೇನಲ್ಲ. ಇದೇ ಮಗಳಿಗೆ ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿದಾಗ ತಟ್ಟೆಯ ಅಕ್ಕಿಯಲ್ಲಿ ಬೆರಳಾಡಿಸಿ ಓಂ ಬರೆಸಿದವರು ಅವರೇ, ಅದನ್ನು ಸ್ಟೇಟಸ್ಸಿಗೆ ಹಾಕಿದವರೂ ಅವರೇ. ಹಿಂದಿನ ಕಾಲದ ಕೂಲಿಮಠದ ಶಾಲೆಗಳಲ್ಲೂ ಮಕ್ಕಳು ಸ್ಲೇಟು ಹಿಡಿಯುವ ಮುಂಚೆ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಅಂದರೆ ಅಕ್ಕಿ, ಮರಳು ನಮ್ಮಲ್ಲಿ ಹಿಂದಿನಿಂದಲೂ ಬರವಣಿಗೆಯ ಮೊದಲ ಮೆಟ್ಟಿಲು. ಆದರೆ ರಾಯರಿಗೆ ಅದನ್ನೇ ಪುರೋಹಿತರು ಕೊಟ್ಟರೆ ಸಂಸ್ಕಾರ, ಮಿಸ್ ಕೊಟ್ಟರೆ ಟೈಂಪಾಸ್. ದೇಹದ ಸಾಕ್ಷಿಯೂ ಮಿಸ್ಸಿನ ಕಡೆಗೇ ಇದೆ. ಮಣಿಕಟ್ಟಿನ 8 ಎಲುಬುಗಳಲ್ಲಿ ಹಲವು ಮೂರರ ವಯಸ್ಸಿಗೆ ಇನ್ನೂ ಎಲುಬೇ ಆಗಿರುವುದಿಲ್ಲ, ಬರೀ ಮೃದ್ವಸ್ಥಿ. ಆ ಕೈಗೆ ಪೆನ್ಸಿಲ್ ತುರುಕುವುದಕ್ಕಿಂತ ಹಿಟ್ಟಿನ ಮುದ್ದೆ ಕೊಟ್ಟರೆ ಬೆರಳಿಗೆ ಕಸುವು ಬರುತ್ತದೆ. ಇನ್ನು ಡಾಕ್ಟರಾಟ. ಆಟದಲ್ಲಿ ಕೋಲು ಕುದುರೆಯಾಗುವಾಗ ಮಗು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳಲು ಕಲಿಯುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ 1933ರಲ್ಲೇ ವಿವರಿಸಿದ್ದರು. ಕೋಲು ಕುದುರೆಯಾಗಬಹುದೆಂದು ಒಪ್ಪಿದ ತಲೆಯೇ ನಾಳೆ ಒಂದು ಸೊಟ್ಟ ಗೆರೆ ‘ಕ’ ಆಗಬಹುದೆಂದು ಒಪ್ಪುವುದು. ಆಫೀಸಿನವರು ರೆಸಾರ್ಟಿಗೆ ಕರೆದೊಯ್ದು ರಾಯರಿಂದಲೇ ಸಿಟ್ಟಿಗೆದ್ದ ಗ್ರಾಹಕನ ಪಾತ್ರ ಮಾಡಿಸಿದರೆ ಅದು ಟ್ರೈನಿಂಗು, ಸರ್ಟಿಫಿಕೇಟೂ ಸಿಗುತ್ತದೆ.

ರಾಯರ ಬಳಿ ಉತ್ತರವಿಲ್ಲ ಎಂದಲ್ಲ. “ಮಣ್ಣಾಟಕ್ಕೆ ದುಡ್ಡು ಯಾಕೆ ಸ್ವಾಮಿ? ನಾವು ಪುಕ್ಕಟೆ ಆಡಲಿಲ್ವೆ?” ಆಡಿದಿರಿ, ಹಿತ್ತಲಿತ್ತು. ಈಗಿನ ಮನೆ ಏಳನೇ ಮಹಡಿಯಲ್ಲಿದೆ. ಅಲ್ಲಿ ಮಣ್ಣಿರುವುದು ತುಳಸಿ ಕುಂಡದಲ್ಲಿ ಮಾತ್ರ, ಅದನ್ನು ಮುಟ್ಟಿದರೆ ಅಜ್ಜಿ ಸುಮ್ಮನಿರುವುದಿಲ್ಲ. ಗೂಗಲ್ ಓದಿಕೊಂಡ ರಾಯರು ಇನ್ನೊಂದು ಬಾಣ ಬಿಡುತ್ತಾರೆ: ಶಿಕ್ಷಣತಜ್ಞೆ ಮಾಂಟೆಸ್ಸರಿಯವರೇ ಸುಳ್ಳುಸುಳ್ಳು ಅಡುಗೆಯಾಟಕ್ಕಿಂತ ನಿಜದ ಕೆಲಸ ಮೇಲು ಎಂದಿದ್ದರಲ್ಲ? ನಿಜ, ಎಂದಿದ್ದರು. ಆದರೆ ಆಕೆಯ ಮಕ್ಕಳೂ ಉಪ್ಪುಕಾಗದದ ಅಕ್ಷರವನ್ನು ಬೆರಳಿನಿಂದ ಸವರಿಯೇ ಕಲಿಯುತ್ತಿದ್ದರು. ಒಂದನೇ ಕ್ಲಾಸಿಗೆ ಸೇರಿಸುವಾಗ ಬರೆಯಲು ಹೇಳುತ್ತಾರೆಂಬ ರಾಯರ ಭಯ ಮಾತ್ರ ಸುಳ್ಳಲ್ಲ. ಹಾಗೆ ಪರೀಕ್ಷಿಸುವ ಶಾಲೆಗಳಿವೆ, ತಪ್ಪು ಅವುಗಳದೇ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಂತೂ ಮೂರರಿಂದ ಆರು ವರ್ಷದವರಿಗೆ ಪಠ್ಯಪುಸ್ತಕವನ್ನೇ ನಿಗದಿಪಡಿಸಬಾರದು ಎನ್ನುತ್ತದೆ. ಆಟದ ಹೆಸರಲ್ಲಿ ನಡೆಯುವುದೆಲ್ಲ ಆಟವೂ ಅಲ್ಲ ಎಂಬುದನ್ನೂ ಒಪ್ಪೋಣ. ನೀಲಿ ಜೆಲ್ಲಿಯ ಮುಂದೆ ಮಕ್ಕಳನ್ನು ಕೂರಿಸಿ, ಫೋಟೋ ಹೊಡೆದು, ಕೈ ತೊಳೆಸಿ ಎಬ್ಬಿಸುವ ಶಾಲೆಗಳೂ ಇವೆ. (ಅವು ನೋಟ್‌ಬುಕ್ ರಾಯರ ಹತ್ತಿರದ ಬಂಧುಗಳು, ಅವರಿಗೂ ರಸೀದಿಯದೇ ಚಿಂತೆ.)

ಕೊನೆಗೆ ರಾಯರ ಕಾಟ ತಡೆಯಲಾರದೆ ಮಿಸ್ ಒಂದು ಪುಟ ಹೋಂವರ್ಕ್ ಕೊಡುತ್ತಾರೆ. ರಾತ್ರಿ ಒಂಬತ್ತಕ್ಕೆ ಮಗು ತೂಕಡಿಸುತ್ತದೆ. ಅಮ್ಮ ಅದರ ಕೈಯೊಳಗೆ ಪೆನ್ಸಿಲ್ ಇಟ್ಟು, ಮೇಲೆ ತನ್ನ ಕೈ ಇಟ್ಟು ಪುಟ ತುಂಬಿಸುತ್ತಾಳೆ. ಬರೆದದ್ದು ಯಾರೆಂದು ಮಿಸ್ಸಿಗೆ ಗೊತ್ತು, ರಾಯರಿಗೂ ಗೊತ್ತು. ಆದರೂ ಎಲ್ಲರೂ ಮಗುವೇ ಬರೆದಂತೆ ನಟಿಸುತ್ತಾರೆ. ಇಡೀ ಶಾಲೆಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಸುಳ್ಳು ಆಟ ಇನ್ನೊಂದಿಲ್ಲ. ಮರುದಿನ ಆ ಪುಟಕ್ಕೆ ಬೀಳುವ ಸ್ಟಾರು ನ್ಯಾಯವಾಗಿ ಅಮ್ಮನಿಗೇ ಸೇರಬೇಕು.