ದವಡೆಯಲ್ಲಿ ಒಗ್ಗರಣೆ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದರೆ ಡ್ರಿಲ್ಲಿನ 'ಗುಂಯ್' ಸದ್ದಿಗೇ ನನ್ನ ಅರ್ಧ ಪ್ರಾಣ ಹೋಗುತ್ತದೆ. ಈ ಸಲ ಡಾಕ್ಟರು, "ಹೆದರಬೇಡಿ ಸಾರ್, ಲೇಸರ್" ಎಂದು ಬಣ್ಣದ ಕನ್ನಡಕ ಏರಿಸಿದರು. ಬಾಯಿ ಕಳೆದುಕೊಂಡು ಮಲಗಿದ ಸಿನಿಮಾ ಹೀರೋ ನಾನು! 1960ರಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದ ಮೈಮನ್, ಅದು ನನ್ನ ದವಡೆವರೆಗೂ ಬಂದೀತೆಂದು ಊಹಿಸಿರಲಾರ. ಎರ್ಬಿಯಂ ಲೇಸರ್ ಹುಳುಕಿನೊಳಗಿನ ನೀರಿನಂಶವನ್ನು ಚಕ್ಕನೆ ಆವಿಯಾಗಿಸಿ, ಆ ಭಾಗವನ್ನು ಚೂರುಚೂರಾಗಿ ಸಿಡಿಸುತ್ತದಂತೆ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ, ಅಷ್ಟೇ. ಒಗ್ಗರಣೆ ನೆನಪಾಗಿ ಹಸಿವೂ ಆಯಿತು ಅನ್ನಿ.

"ಹಳೇ ಬೆಳ್ಳಿ ಫಿಲ್ಲಿಂಗ್ ತೆಗೆಯೋಕೆ ಮಾತ್ರ ಡ್ರಿಲ್ಲೇ ಬೇಕು" ಎಂದರು ಡಾಕ್ಟರು.

ನಾಲಿಗೆ ತಾನಾಗಿಯೇ ಹೋಗಿ ಎಡದವಡೆಯನ್ನು ತಡವಿತು. ಅಲ್ಲಿರುವುದು ಅದೇ.